ಅಜ್ಜನ ಜೊತೆ ವಾದಕ್ಕಿಳಿಯಬೇಡ

ನೋಡು ಮಗೂ, ಸೆಪ್ಟೆಂಬರ್ 21 ಬಂತೆಂದರೆ ನೀನು ಮೊಬೈಲಿನಲ್ಲಿ ವಿಶ್ವ ಅಲ್ಜೈಮರ್ಸ್ ದಿನದ ಸ್ಟೇಟಸ್ ಹಾಕುತ್ತೀಯ. ಹಾಕು, ನಾಲ್ಕು ಜನಕ್ಕೆ ತಿಳಿಯಲಿ. ಆದರೆ ಅದೇ ಹೊತ್ತಿಗೆ ಅಜ್ಜ ಒಳಕೋಣೆಯಿಂದ “ನನ್ನ ಊಟ ಆಯ್ತಾ?” ಅಂತ ಮತ್ತೊಮ್ಮೆ ಕೇಳಿದರೆ “ಎಷ್ಟು ಸಲ ಹೇಳೋದು!” ಎಂದು ರೇಗುತ್ತೀಯಲ್ಲ, ಆಗ ನಿನ್ನ ಕಿವಿ ಹಿಂಡಬೇಕು ಅನಿಸುತ್ತದೆ. ನೀನು ಹೇಳಿದ್ದು ಅವರ ತಲೆಯಲ್ಲಿ ನಿಂತಿಲ್ಲ. ಅವರ ಮಟ್ಟಿಗೆ ಅದು ಮೊದಲನೇ ಸಲದ ಪ್ರಶ್ನೆ.

ನಮ್ಮವರು ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಿದ್ದೇ ಎಷ್ಟೋ ಮನೆಗಳಲ್ಲಿ ಹೊತ್ತು ಮೀರುತ್ತದೆ. ಅಲ್ಜೈಮರ್ಸ್ ಸೇರಿದಂತೆ ಡಿಮೆನ್ಶಿಯಾ ಯಾವುದೂ ಮುಪ್ಪಿನ ಗುಣವಲ್ಲ, ಮಿದುಳಿನ ಕಾಯಿಲೆ. ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಇದು ಇದೆ ಎಂದು ಅಂದಾಜು. ಹಾಗಂತ ಮರೆವೆಲ್ಲ ಡಿಮೆನ್ಶಿಯಾ ಅಂತ ನೀನೇ ತೀರ್ಪು ಕೊಟ್ಟುಬಿಡಬೇಡ, ಗೂಗಲ್ ಪಂಡಿತ! ಬಿ-12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಬಚ್ಚಲಲ್ಲಿ ಜಾರಿಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೂ ಬುದ್ಧಿ ಮಂಕಾಗುತ್ತದೆ. ಅವಕ್ಕೆ ಮದ್ದುಂಟು. ನಿನ್ನೆ ಸರಿಯಿದ್ದವರು ಇವತ್ತು ಏನೇನೋ ಬಡಬಡಿಸಿದರೆ ಮೂತ್ರದ ಸೋಂಕೋ, ಜ್ವರವೋ ಇರಬಹುದು, ಅವತ್ತೇ ಆಸ್ಪತ್ರೆಗೆ ಒಯ್ಯಿ. ಮುಂಬಯಿಯ ಸಯನ್ ಆಸ್ಪತ್ರೆ, ಅದೇ ಲೋಕಮಾನ್ಯ ತಿಲಕ್ ಆಸ್ಪತ್ರೆ, ನಿನ್ನ ಮನೆ ಹತ್ತಿರವೇ ಇದೆ. ಕ್ಯೂ ಉದ್ದ, ನಿಜ. ನಿಲ್ಲು. ನಿನ್ನ ಕಾಲು ಗಟ್ಟಿಯಿದೆಯಲ್ಲ.

ಇನ್ನು ಮನೆಯ ವಿಷಯ. ಹೋಟೆಲಿನಲ್ಲಿ ದುಡಿದ ಒಬ್ಬ ಅಜ್ಜನನ್ನು ನಾನು ಬಲ್ಲೆ. ಹುಡುಗನಾಗಿ ಉಡುಪಿ ಕಡೆಯಿಂದ ಬಂದವರು, ಹಗಲು ಕಪ್ಪುಬಸಿ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು. ಈಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು, ಬಾಗಿಲ ಚಿಲಕ ಅಲ್ಲಾಡಿಸುತ್ತಾರೆ. ಗಿರಾಕಿ ಬರುವ ಹೊತ್ತಾಯಿತಂತೆ, ಹಿಟ್ಟು ರುಬ್ಬಿಲ್ಲವಂತೆ. ಮಗ ಎದ್ದುಬಂದು “ಹೋಟೆಲ್ ಮುಚ್ಚಿ ಯಾವ ಕಾಲವಾಯ್ತು, ನಿಮಗೆ ಅಷ್ಟೂ ಗೊತ್ತಾಗಲ್ವಾ?” ಎಂದು ಕೂಗಾಡಿದ. ಅಜ್ಜ ಗಡಗಡ ನಡುಗಿದರು, ಕೈ ಎತ್ತಿದರು, ಇಡೀ ಚಾಳು ಎದ್ದಿತು. ಮರುದಿನ ಸೊಸೆ ಎದ್ದಳು. “ಮಾವ, ಇವತ್ತು ಹೋಟೆಲಿಗೆ ರಜೆ. ಚಾ ಮಾಡ್ತೇನೆ, ಕೂತ್ಕೊಳ್ಳಿ” ಅಂದಳು. ಗುಂಡಿ ಸರಿಮಾಡಿದಳು, ಒಂದು ಬಟ್ಟಲು ಚಿಲ್ಲರೆ ಮುಂದಿಟ್ಟಳು. ಅವರು ಒಂದೊಂದೇ ನಾಣ್ಯ ಸಾಲಾಗಿ ಜೋಡಿಸುತ್ತ ತಣ್ಣಗೆ ಕೂತರು. ಸುಳ್ಳು ಹೇಳಿದಳು ಅನ್ನುತ್ತೀಯಾ? ಹೇಳಲಿ ಬಿಡು! ನಿನಗೆ ಗೆಲ್ಲಬೇಕಾದ ವಾದ ಅದಲ್ಲ. ಅವರ ಭಯ ಇಳಿಯಿತೋ ಇಲ್ಲವೋ, ಅಷ್ಟು ನೋಡು. ಬಾಗಿಲ ಹತ್ತಿರ ಒಂದು ಮಂದ ದೀಪ ಇರಲಿ. ಕನ್ನಡಕ, ಕಿವಿಯ ಯಂತ್ರ ಸರಿಯಿವೆಯಾ ಎಂದೂ ನೋಡು. ಎಷ್ಟೋ ಗಲಿಬಿಲಿ ಕಾಣದ್ದರಿಂದ, ಕೇಳದ್ದರಿಂದ ಹುಟ್ಟುತ್ತದೆ.

ನಿನ್ನಂಥ ಮುಂಬಯಿ ಮಕ್ಕಳಿಗೇ ಹೇಳಬೇಕಾದ ಮಾತೊಂದಿದೆ. 2013ರಲ್ಲಿ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಎಂಬ ವೈದ್ಯೆ ಮತ್ತವರ ತಂಡ 648 ರೋಗಿಗಳನ್ನು ನೋಡಿ ಒಂದು ಸಂಗತಿ ತಿಳಿಸಿತು: ಎರಡು, ಮೂರು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಯ ಮೆಟ್ಟಿಲು ಹತ್ತದವರಲ್ಲೂ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಟ್ಯಾಕ್ಸಿಯಲ್ಲಿ ಹಿಂದಿ ಆಡಿದ ನಮ್ಮವರಿಗೆ ಅದು ಒಳ್ಳೆಯ ಸುದ್ದಿ. ಆದರೆ ಕಾಯಿಲೆ ಬಲಿತಾಗ ಆಮೇಲೆ ಕಲಿತ ಭಾಷೆಗಳೇ ಮೊದಲು ಜಾರುವುದುಂಟು. ಮರಾಠಿ ಹೋಗುತ್ತದೆ, ಹಿಂದಿ ಹೋಗುತ್ತದೆ, ತಾಯಿ ಕಲಿಸಿದ್ದು ಉಳಿಯುತ್ತದೆ. ನೋಡಿಕೊಳ್ಳುವ ಕೆಲಸದವಳಿಗೆ ಬರುವುದು ಮರಾಠಿ, ನಿನಗೆ ಬರುವುದು ಇಂಗ್ಲಿಷು. ಆಗ ಅಜ್ಜ ಯಾರ ಹತ್ತಿರ ನೀರು ಕೇಳಬೇಕು? ಅದಕ್ಕೇ ತುಳು ಈಗಲೇ ಕಲಿ ಮಗೂ. “ಒಣಸ್ ಆಂಡಾ?” (ಊಟ ಆಯ್ತಾ?) ಎಂದು ದಿನಾ ಒಮ್ಮೆ ಕೇಳು, ಮುಖ ಹೇಗೆ ಅರಳುತ್ತದೆ ನೋಡು. ಹಾಡು ಮಾತಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಸಯನ್‌ನ ಗೋಕುಲ ಭವನದಲ್ಲಿ ಭಜನೆಯಿದ್ದರೆ ಕರೆದೊಯ್ಯಿ. ನಿನ್ನ ಹೆಸರು ಮರೆತ ಅಜ್ಜ ಅಲ್ಲಿ ತಾಳ ತಪ್ಪದಿರಬಹುದು.

ದಾರಿ ಮಾತ್ರ ತಪ್ಪುತ್ತಾರೆ, ಎಚ್ಚರ. 1912ರ ಸಯನ್ ಸೇತುವೆಯನ್ನು 2024ರ ಆಗಸ್ಟಿನಲ್ಲಿ ಮುಚ್ಚಿದಾಗ ನಿನಗೆ ಮೊಬೈಲು ಬೇರೆ ದಾರಿ ತೋರಿಸಿತು. ಅಜ್ಜ ಇವತ್ತಿಗೂ ಹಳೆಯ ಸೇತುವೆ ಹುಡುಕಿಕೊಂಡೇ ಹೊರಡುತ್ತಾರೆ. ಜೇಬಿನಲ್ಲಿ ಹೆಸರು, ಫೋನ್ ನಂಬರು ಇಡು. ಅಕ್ಷಯ್ ರಿಡ್ಲಾನ್ ಎಂಬ ಮುಂಬಯಿಯ ತರುಣ ಇಂಜಿನಿಯರ್ ‘ಪ್ರಾಜೆಕ್ಟ್ ಚೇತನಾ’ ಎಂದು ಕ್ಯೂಆರ್ ಕೋಡಿನ ಪದಕ ಮಾಡಿದ್ದಾನೆ, ಸ್ಕ್ಯಾನ್ ಮಾಡಿದರೆ ಮನೆಯವರ ನಂಬರು ಸಿಗುತ್ತದೆ. ವರ್ಲಿಯಿಂದ ತಪ್ಪಿಸಿಕೊಂಡ ಬಾಲಕನೊಬ್ಬ ಅದರಿಂದಲೇ ಮನೆ ಸೇರಿದ. ನಿನ್ನ ವಯಸ್ಸಿನ ಬುದ್ಧಿ ಹೀಗೆ ಓಡಿದರೆ ನನಗೆ ಎಷ್ಟು ಹೆಮ್ಮೆ ಗೊತ್ತಾ! ಕೆಳಗಿನ ಪಾನ್‌ವಾಲಾ, ವಾಚ್‌ಮನ್, ಇಸ್ತ್ರಿಯವ, ಎಲ್ಲರಿಗೂ ಅಜ್ಜನ ಕಾಯಿಲೆ ಹೇಳಿಡು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಕೊನೆಗೆ ನಿನ್ನ ಅಮ್ಮ. ರಾತ್ರಿ ನಿದ್ದೆಯಿಲ್ಲ, ಹಗಲು ಬಿಡುವಿಲ್ಲ, ಕೇಳುವವರಿಲ್ಲ. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567 ಇದೆ, ನೀನೇ ಫೋನ್ ಮಾಡಿ ವಿಚಾರಿಸು. ಆದರೆ ಅವಳಿಗೆ ಮೊದಲು ಬೇಕಾಗಿರುವುದು ಅರ್ಧ ದಿನದ ಬಿಡುವು. ಈ ಭಾನುವಾರ ಮಾಟುಂಗಕ್ಕೋ ತಂಗಿಯ ಮನೆಗೋ ಕಳಿಸು. ಅಜ್ಜನ ಜೊತೆ ನೀನು ಕೂತುಕೋ, ಮೊಬೈಲು ಕಪಾಟಿನಲ್ಲಿರಲಿ. ಅವಳು ಸಯನ್ ಸ್ಟೇಷನ್ ದಾಟುವ ಮೊದಲೇ ಫೋನ್ ಮಾಡಿ ಗುಳಿಗೆ ಡಬ್ಬಿ ಎಲ್ಲಿದೆ ಎಂದು ಮಾತ್ರ ಕೇಳಬೇಡ. ಶನಿವಾರವೇ ನೋಡಿಟ್ಟುಕೋ.