ಯಾರೂ ಬೇಡವಾದಾಗ ಓಟು ಯಾರಿಗೆ?

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ನಾನು ಹಿಲರಿ ಕ್ಲಿಂಟನ್ ಅವರಿಗೆ ಓಟು ಹಾಕಿದೆ. ಅವರು ನನಗೆ ಇಷ್ಟವಿರಲಿಲ್ಲ. ಡೊನಾಲ್ಡ್ ಟ್ರಂಪ್ ಅವರಂತೂ ಮೊದಲೇ ಇಷ್ಟವಿರಲಿಲ್ಲ. ನಮ್ಮ ಮಿಶಿಗನ್ ರಾಜ್ಯದಲ್ಲಿ ಕ್ಲಿಂಟನ್ ಸೋತದ್ದು 10,704 ಓಟಿನಿಂದ. ಅಂದಿನಿಂದ ನಾಲ್ಕು ಜನ ಊಟಕ್ಕೆ ಕೂತರೆ ಸಾಕು, "ನಿನ್ನ ಓಟು ದಂಡವಾಯ್ತಲ್ಲಮ್ಮ" ಅಂತ ಯಾರಾದರೂ ಎತ್ತಿ ಆಡುತ್ತಾರೆ. ದಂಡವಾಗಿಲ್ಲ. ಯಾಕೆ ಆಗಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಹೊಸದಾಗಿ ಪೌರತ್ವ ಪಡೆದು "ಯಾರೂ ಸರಿಯಿಲ್ಲ, ಹೋಗೋದೇ ಬೇಡ" ಅನ್ನುತ್ತಿರುವ ನಮ್ಮವರು ಓದಲಿ.

ನಾವಿರುವುದು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಕಾರು ಕಾರ್ಖಾನೆಗಳ ಸೀಮೆ. ನಾನೂ ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಒಬಾಮಾಗೆ ಎರಡು ಸಲವೂ ಓಟು ಹಾಕಿದ್ದ ನನ್ನ ಸಹೋದ್ಯೋಗಿಗಳು ಆ ವರ್ಷ ಟ್ರಂಪ್ ಅನ್ನುತ್ತಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. 1994ರಲ್ಲಿ ನಾಫ್ಟಾ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಮೆಕ್ಸಿಕೋಗೆ ಎತ್ತಂಗಡಿಯಾದ ಕೆಲಸಗಳನ್ನು ಕಣ್ಣಾರೆ ಕಂಡವರು ಅವರು. ಪೆಸಿಫಿಕ್ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದವನ್ನು ಕ್ಲಿಂಟನ್ 2012ರಲ್ಲಿ ಹಾಡಿ ಹೊಗಳಿ, 2015ರಲ್ಲಿ ಬೇಡ ಎಂದಾಗ ಅವರು ನಂಬಲಿಲ್ಲ. ನಾನೂ ನಂಬಲಿಲ್ಲ. 2002ರಲ್ಲಿ ಇರಾಕ್ ಯುದ್ಧಕ್ಕೆ ಕೈ ಎತ್ತಿದವರು, ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಮೂರು ಭಾಷಣಕ್ಕೆ 6,75,000 ಡಾಲರ್ ತೆಗೆದುಕೊಂಡವರು, ವಿದೇಶಾಂಗ ಸಚಿವೆಯಾಗಿದ್ದಾಗ ಸರ್ಕಾರಿ ಪತ್ರಗಳನ್ನು ಮನೆಯ ಸರ್ವರ್‌ನಲ್ಲಿ ಇಟ್ಟುಕೊಂಡವರು. ಇಷ್ಟಪಡಲು ಏನಿತ್ತು?

ಇನ್ನು ಟ್ರಂಪ್. ಮಾರ್ಚ್ 3ರಂದು ನಮ್ಮ ಡೆಟ್ರಾಯಿಟ್‌ನಲ್ಲೇ ನಡೆದ ರಿಪಬ್ಲಿಕನ್ ಚರ್ಚೆಯಲ್ಲಿ, ನುರಿತ ವಿದೇಶಿ ಕೆಲಸಗಾರರ ವಿಷಯದಲ್ಲಿ ತನ್ನ ನಿಲುವು ಮೆತ್ತಗಾಗಿದೆ ಎಂದರು. ಎಚ್-1ಬಿ ವೀಸಾದಲ್ಲಿದ್ದ ನನ್ನ ತಮ್ಮ ನೆಮ್ಮದಿಯಿಂದ ಟೀವಿ ಆರಿಸಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಅದೇ ರಾತ್ರಿ ಅವರ ಪ್ರಚಾರ ಕಚೇರಿಯಿಂದ ಇನ್ನೊಂದು ಹೇಳಿಕೆ ಬಂದು ಮಾತು ಉಲ್ಟಾ ಆಗಿತ್ತು. ಹೆಂಗಸರ ಬಗ್ಗೆ ಅವರು ಆಡಿದ ಮಾತಿನ ಟೇಪು ಅಕ್ಟೋಬರ್ 7ರಂದು ಹೊರಬಿತ್ತು. ಹೆಣ್ಣುಮಗಳನ್ನು ಬೆಳೆಸಿದ ಯಾವ ತಾಯಿಯೂ ಅದನ್ನು "ಗಂಡಸರ ಹರಟೆ" ಅಂತ ಬಿಟ್ಟುಬಿಡಲಾರಳು.

ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್? ಸಿರಿಯಾದ ಅಲೆಪ್ಪೊ ಹೊತ್ತಿ ಉರಿಯುತ್ತಿದ್ದಾಗ ಟೀವಿ ಸಂದರ್ಶನದಲ್ಲಿ ಅಲೆಪ್ಪೊ ಅಂದರೇನು ಎಂದು ಕೇಳಿದವರು. ಗ್ರೀನ್ ಪಕ್ಷದ ಜಿಲ್ ಸ್ಟೈನ್ ಗೆಲ್ಲುವುದು ಸಾಧ್ಯವೇ ಇರಲಿಲ್ಲ. ನಮ್ಮ ಭಾರತದಲ್ಲಾದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೋಟಾ ಇದೆ. ಅಮೆರಿಕದಲ್ಲಿ ಅಂಥ ಸಾಲು ಮತಪತ್ರದಲ್ಲಿ ಇರುವುದು ನೆವಾಡ ಒಂದರಲ್ಲೇ. ಆ ವರ್ಷ ಅಲ್ಲಿ ಕ್ಲಿಂಟನ್ ಗೆದ್ದ ಅಂತರ 27,202. "ಇವರಲ್ಲಿ ಯಾರೂ ಬೇಡ" ಎಂದವರು 28,863 ಮಂದಿ.

ಇಷ್ಟ-ಕಷ್ಟದ ಲೆಕ್ಕ ಬಗೆಹರಿಯುವುದಿಲ್ಲ ಅನ್ನಿಸಿ ನಾನು ನನ್ನ ಕಸುಬಿನ ಲೆಕ್ಕಕ್ಕೆ ಕೈಹಾಕಿದೆ. ಹೊಸ ಬ್ರೇಕ್ ರಸ್ತೆಗೆ ಬಿಡುವ ಮುನ್ನ ನಾವು ಎಫ್‌ಎಂಇಎ ಅನ್ನುವ ಕೋಷ್ಟಕ ತುಂಬುತ್ತೇವೆ. ಅದು ಚೆನ್ನಾಗಿ ಕೆಲಸ ಮಾಡಿದಾಗ ಎಷ್ಟು ಚೆನ್ನ ಅನ್ನುವುದು ಅಲ್ಲಿ ಬರುವುದೇ ಇಲ್ಲ. ಕೆಟ್ಟರೆ ಎಷ್ಟು ಅನಾಹುತ, ಕೆಡುವ ಸಂಭವ ಎಷ್ಟು, ಕೆಟ್ಟಿದ್ದು ಕೈಮೀರುವ ಮುನ್ನ ಯಾರ ಕಣ್ಣಿಗಾದರೂ ಬೀಳುತ್ತದೆಯೇ ಎಂಬ ಮೂರು ಪ್ರಶ್ನೆಗೆ ಒಂದರಿಂದ ಹತ್ತರವರೆಗೆ ಅಂಕ. ಕಣ್ಣಿಗೆ ಬೀಳುವುದು ಕಷ್ಟವಾದಷ್ಟೂ ಅಂಕ ಹೆಚ್ಚು. ಆಗ ಮೂರನ್ನೂ ಗುಣಿಸುತ್ತಿದ್ದೆವು.

ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೆ. ಕ್ಲಿಂಟನ್ ಅವರಿಗೆ "ಸಂಭವ"ದಲ್ಲಿ ಧಾರಾಳವಾಗಿಯೇ ಅಂಕ ಕೊಟ್ಟೆ. ಅಕ್ಟೋಬರ್ 28ರಂದು ಕ್ಲಿಂಟನ್ ಇಮೇಲ್ ತನಿಖೆಯ ಬಗ್ಗೆ ಎಫ್‌ಬಿಐ ನಿರ್ದೇಶಕ ಕೋಮಿ ಅವರ ಪತ್ರ ಬಂದಾಗ ಅದನ್ನು ಹೊಡೆದು ಇನ್ನೂ ಏರಿಸಿದೆ. ಆದರೆ ಮೂರನೇ ಕಾಲಂನಲ್ಲಿ ಅವರ ಅಂಕ ತೀರಾ ಕಡಿಮೆ. ಬೆಂಗಾಜಿ ದಾಳಿಯ ತನಿಖೆಗೆ ಕೂತ ಕಾಂಗ್ರೆಸ್ಸಿನ ಸಮಿತಿ 2015ರಲ್ಲಿ ಅವರನ್ನು ಹನ್ನೊಂದು ಗಂಟೆ ಕೂರಿಸಿ ಪ್ರಶ್ನಿಸಿತ್ತು. ರಿಪಬ್ಲಿಕನ್ನರ ಕೈಯಲ್ಲಿದ್ದ ಕಾಂಗ್ರೆಸ್, ಕ್ಲಿಂಟನ್ ಎಲ್ಲಿ ಎಡವುತ್ತಾರೋ ಎಂದು ಕಾದು ಕೂತಿತ್ತು. ಟ್ರಂಪ್ ಎಡವಿದರೆ ಹಿಡಿಯುವವರು ಯಾರು? ವಸಂತದಲ್ಲಿ ಅವರನ್ನು ಬೈದ ಅವರದೇ ಪಕ್ಷದ ನಾಯಕರಲ್ಲಿ ಬಹುಪಾಲು ಜನ ಬೇಸಿಗೆಗೆ ಅವರ ಬೆನ್ನಿಗೆ ನಿಂತಿದ್ದರು. ಅಣ್ವಸ್ತ್ರ ಪ್ರಯೋಗದ ಆದೇಶ ಕೊಡಲು ಅಧ್ಯಕ್ಷರು ಯಾರ ಒಪ್ಪಿಗೆಯನ್ನೂ ಪಡೆಯಬೇಕಾಗಿಲ್ಲ. ನ್ಯಾಯಮೂರ್ತಿ ಸ್ಕಾಲಿಯಾ ಫೆಬ್ರುವರಿಯಲ್ಲಿ ತೀರಿಕೊಂಡು ಸುಪ್ರೀಂ ಕೋರ್ಟಿನ ಒಂದು ಪೀಠ ಖಾಲಿಯಿತ್ತು. ಅಲ್ಲಿ ಕೂರುವವರು ಜೀವನಪೂರ್ತಿ ಕೂರುತ್ತಾರೆ. ಗುಣಿಸಿ ನೋಡಿದಾಗ ಉತ್ತರ ಸ್ಪಷ್ಟವಾಗಿತ್ತು. ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

ಅದರ ಮೇಲೆ ನ್ಯೂಜೆರ್ಸಿಯ ಭಾವನವರ ಫೋನು. ಅಕ್ಟೋಬರ್ 15ರಂದು ಎಡಿಸನ್‌ನಲ್ಲಿ ಟ್ರಂಪ್ ಬಂದ ಹಿಂದೂ ಸಮಾವೇಶಕ್ಕೆ ಹೋಗಿದ್ದರು. "ನಮ್ಮವರನ್ನ ಇಷ್ಟು ಬಾಯ್ತುಂಬ ಯಾರು ಹೊಗಳಿದಾರೆ ಹೇಳು? ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡಮ್ಮ." ಭಾವನವರದು ಆಗ ಇನ್ನೂ ಗ್ರೀನ್ ಕಾರ್ಡ್. ಓಟೇ ಇಲ್ಲದವರು ಓಟು ಇರುವವಳಿಗೆ ಬುದ್ಧಿ ಹೇಳುತ್ತಿದ್ದರು. ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ. 7ರ ಮಿತಿ ಇದೆಯಲ್ಲ, ಅದರಿಂದ ನನ್ನ ತಮ್ಮನಂಥವರು ವರ್ಷಗಟ್ಟಲೆ ಕಾಯುತ್ತಿದ್ದಾರಲ್ಲ, ಅದರ ಬಗ್ಗೆ ಆ ವೇದಿಕೆಯಲ್ಲಿ ಏನು ಹೇಳಿದರು ಎಂದು ಕೇಳಿದೆ. ಅದಕ್ಕೆ ಉತ್ತರ ಇರಲಿಲ್ಲ. ಮಾತು ದೀಪಾವಳಿಗೆ ತಿರುಗಿತು.

ನವೆಂಬರ್ 8, ಮಂಗಳವಾರ. ರಜೆ ಇಲ್ಲ. ಕೆಲಸ ಮುಗಿಸಿ ಪ್ರೈಮರಿ ಶಾಲೆಯ ವ್ಯಾಯಾಮದ ಹಾಲ್‌ಗೆ ಹೋದಾಗ ಏಳು ದಾಟಿತ್ತು. ಎಂಟಕ್ಕೆ ಬಾಗಿಲು. ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಲೈಸೆನ್ಸ್ ನೋಡಿ ಲ್ಯಾಪ್‌ಟಾಪಿನಲ್ಲಿ ಹುಡುಕಿದರು. ಇನ್ನೊಮ್ಮೆ ಹುಡುಕಿದರು. "ನಿಮ್ಮ ಹೆಸರಿಲ್ಲ." ಆಮೇಲೆ, ಹಿಂದಿನ ಸಾಲಿಗೆಲ್ಲ ಕೇಳುವ ಹಾಗೆ, "ನೀವು ಸಿಟಿಜನ್ನಾ?"

ಸಾಲಿನಲ್ಲಿ ನಮ್ಮ ಬೀದಿಯವರಿದ್ದರು. ಚಳಿಗಾಲದಲ್ಲಿ ನಮ್ಮ ಮನೆ ಮುಂದಿನ ಹಿಮವನ್ನೂ ತಳ್ಳಿಕೊಟ್ಟವರು. ಅವರು ನೆಲ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಹೌದು ಎಂದೆ. "ಹಾಗಾದರೆ ನಾಳೆ ಸಿಟಿ ಕ್ಲರ್ಕ್ ಕಚೇರಿಗೆ ಹೋಗಿ ಕೇಳಿ" ಎಂದರು. ನಾಳೆ! ಆ ಕ್ಷಣ ನನ್ನೊಳಗೆ ಒಂದು ಹಗುರ ಬಂತು. ಹೆಸರೇ ಇಲ್ಲವಲ್ಲ, ಇನ್ನು ಯಾರನ್ನೂ ಆರಿಸಬೇಕಾಗಿಲ್ಲ, ಕಾರು ಹತ್ತಿ ಮನೆಗೆ ಹೋಗಬಹುದು. ಆ ಹಗುರದ ಬೆನ್ನಲ್ಲೇ ಎಲ್ಲಿತ್ತೋ ಅಷ್ಟು ಕೋಪ ಬಂತು. ಪೌರತ್ವದ ಪ್ರಮಾಣ ಮಾಡಿದ ಸಭಾಂಗಣದ ಬಾಗಿಲಲ್ಲೇ ಮತದಾರರ ಅರ್ಜಿ ತುಂಬಿ ಕೊಟ್ಟವಳು ನಾನು. ಇಲ್ಲಿಂದ ಕದಲುವುದಿಲ್ಲ, ನಿಮ್ಮ ಮೇಲಿನವರನ್ನು ಕರೆಯಿರಿ, ಇಲ್ಲವಾದರೆ ಪಟ್ಟಿಯಲ್ಲಿ ಹೆಸರು ಸಿಗದವರಿಗೆ ಕೊಡುವ ಪ್ರಾವಿಷನಲ್ ಬ್ಯಾಲೆಟ್ ಕೊಡಿ ಎಂದೆ. ಆ ಎರಡು ಪದ ಕೇಳಿದ್ದೇ ಅವರ ದನಿ ಇಳಿಯಿತು. ಮತಗಟ್ಟೆಯ ಮುಖ್ಯಸ್ಥೆ ಬಂದರು. ನಮ್ಮ ಕಡೆಯ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿಬಿಡುತ್ತದಲ್ಲ, ನೋಂದಣಿ ಮಾಡಿದವರು ಅದನ್ನು ಮೊದಲ ಹೆಸರಿನ ಜಾಗಕ್ಕೆ ಹಾಕಿದ್ದರು. ತಿರುವಿ ಹುಡುಕಿದ ಕೂಡಲೇ ಸಿಕ್ಕಿತು. ಆ ಅಧಿಕಾರಿ ಒಂದು "ಸಾರಿ" ಕೂಡ ಅನ್ನಲಿಲ್ಲ.

ಮತಪತ್ರ ಅಗಲವಾದ ಕಾಗದ, ಎರಡೂ ಬದಿ ಅಚ್ಚು. ಪೆನ್ನಿನಿಂದ ಸಣ್ಣ ಅಂಡಾಕಾರಗಳನ್ನು ತುಂಬಬೇಕು. ನಾನು ಅಧ್ಯಕ್ಷರ ಸಾಲು ಬಿಟ್ಟು ಉಳಿದದ್ದು ಮೊದಲು ಮುಗಿಸಿದೆ. ವಿಶ್ವವಿದ್ಯಾಲಯದ ಟ್ರಸ್ಟಿಗಳು, ನ್ಯಾಯಾಧೀಶರು, ಡೆಟ್ರಾಯಿಟ್ ಸುತ್ತಲಿನ ನಾಲ್ಕು ಕೌಂಟಿಗಳಿಗೆ ಬಸ್ಸು ತರುವ ತೆರಿಗೆ. ಮತ್ತೆ ಮೇಲಕ್ಕೆ ಬಂದಾಗ ಕೈ ಓಡಲಿಲ್ಲ. ಪಕ್ಕದ ಗೂಡಿನವರು ಮುಗಿಸಿ ಹೋಗಿ ಇನ್ನೊಬ್ಬರು ಬಂದರು. ಕೋಷ್ಟಕದ ಮೂರನೇ ಕಾಲಂ ನೆನೆಸಿಕೊಂಡು ಕ್ಲಿಂಟನ್ ಅವರ ಅಂಡಾಕಾರ ತುಂಬಿದೆ.

ಮನೆಗೆ ಬಂದ ಮೇಲೆ ಆನ್ ಆರ್ಬರ್‌ನಲ್ಲಿ ಓದುತ್ತಿದ್ದ ಮಗಳ ಫೋನು ಬಂತು. ಪಕ್ಷದೊಳಗೇ ಕ್ಲಿಂಟನ್ ಎದುರು ನಿಂತು ಸೋತ ಬರ್ನಿ ಸ್ಯಾಂಡರ್ಸ್ ಅವರ ಅಭಿಮಾನಿ ಅವಳು. "ಅಮ್ಮ, ಪ್ರೆಸಿಡೆಂಟ್ ಸಾಲು ಖಾಲಿ ಬಿಟ್ಟೆ. ಮನಸ್ಸಾಕ್ಷಿ ಒಪ್ಪಲಿಲ್ಲ." ಮಿಶಿಗನ್‌ನಲ್ಲಿ ಹಾಗೆ ಖಾಲಿ ಬಿಟ್ಟವರು 75 ಸಾವಿರಕ್ಕೂ ಹೆಚ್ಚು ಎಂದು ಆಮೇಲೆ ತಿಳಿಯಿತು. 10,704ರ ಪಕ್ಕದಲ್ಲಿ ಆ ಸಂಖ್ಯೆ ಇಟ್ಟು ನೋಡಿ. ಅವಳ ಮೇಲೆ ಆ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಅವಳಿಗೂ ಹೇಳಿದ್ದೇನೆ. ಮನಸ್ಸಾಕ್ಷಿ ಅವಳದು, ಆದರೆ ವೀಸಾ ಅವಳ ಸೋದರಮಾವನದು.

ಹೊಸಬರಿಗೆ ಹೇಳುವುದು ಇಷ್ಟು. ಅಭ್ಯರ್ಥಿ ಒಬ್ಬರೇ ಏನೇನು ಮಾಡಬಲ್ಲರು, ಯಾರು ತಡೆಯಬಲ್ಲರು ಅನ್ನುವುದನ್ನು ಬರೆದು ನೋಡಿ, ಬರೀ ಬಾಯಲ್ಲಿ ವಾದ ಮಾಡಬೇಡಿ. ನಿಮ್ಮ ರಾಜ್ಯದಲ್ಲಿ ಪೈಪೋಟಿ ಇದೆಯೋ ಇಲ್ಲವೋ ತಿಳಿದುಕೊಂಡು ಮೂರನೆಯವರ ಬಗ್ಗೆ ಯೋಚಿಸಿ. ಮಿಶಿಗನ್‌ನಲ್ಲಿ 2018ರ ತಿದ್ದುಪಡಿಯ ನಂತರ ಕಾರಣ ಕೊಡದೆಯೇ ಮತಪತ್ರವನ್ನು ಮನೆಗೆ ತರಿಸಿಕೊಳ್ಳಬಹುದು, ತರಿಸಿಕೊಳ್ಳಿ. ನೋಂದಣಿಯಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ಒಂದು ತಿಂಗಳ ಮೊದಲೇ ನೋಡಿ, ಊರು ಮುಂದೋ ಹೆಸರು ಮುಂದೋ ಎಂಬುದನ್ನೂ ಸೇರಿಸಿ. ಕೆಳಗಿನ ಸಾಲುಗಳನ್ನು ಬಿಡಬೇಡಿ. ಆ ಬಸ್ಸಿನ ತೆರಿಗೆ ನಾಲ್ಕು ಕೌಂಟಿ ಸೇರಿ ಸುಮಾರು 18 ಸಾವಿರ ಓಟಿನಿಂದ ಬಿದ್ದುಹೋಯಿತು, ಕಾರಿಲ್ಲದವರು ಕೆಲಸಕ್ಕೆ ಹೋಗಲು ಇಂದಿಗೂ ಒದ್ದಾಡುತ್ತಿದ್ದಾರೆ.