ದೇವರ ಚಿತ್ರ ನೋಡಿ ಮಿಕ್ಸಿ ಕೊಳ್ಳಬೇಡಿ

ಗೌರಿ-ಗಣೇಶ ಹಬ್ಬಕ್ಕೆ ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಪಾತ್ರೆ-ಪಡಗ ಕೊಳ್ಳಲು ಹೊರಟವರಿಗೆ ಒಂದು ಮಾತು. ಕಡುಬು, ಮೋದಕದ ಅಚ್ಚುಗಳನ್ನು ಧಾರಾಳವಾಗಿ ತನ್ನಿ. ಅವು ನೈವೇದ್ಯಕ್ಕೆಂದೇ ಇರುವ ಸಾಧನಗಳು. ಆದರೆ ಗಣಪತಿಯ ಮುಖ ಹೊತ್ತ ಮಿಕ್ಸಿ, ಬ್ರೆಡ್ಡಿನ ಮೇಲೆ ಓಂಕಾರ ಮೂಡಿಸುವ ಟೋಸ್ಟರು ಕಂಡು ಆಸೆಯಾದರೆ ಒಮ್ಮೆ ಯೋಚಿಸಿ. ಜಿಡ್ಡು, ಮುಸುರೆ ತಾಗುವಲ್ಲಿ ದೇವರ ಚಿತ್ರವಿದ್ದರೆ ಮನಸ್ಸಿಗೆ ಕಸಿವಿಸಿ. ಕೆಟ್ಟ ಮೇಲೆ ಗುಜರಿಗೆ ಹಾಕಲು ಕೈ ಬಾರದು. ಕೊನೆಗೆ ಒಡೆದ ಪಟಗಳ ಜೊತೆ ಅಶ್ವತ್ಥಕಟ್ಟೆ ಸೇರುತ್ತದೆ.

ಚಿತ್ರಕ್ಕಿಂತ ಮೊದಲು ಐಎಸ್‌ಐ ಗುರುತು ನೋಡಿ. ಪ್ರೆಶರ್ ಕುಕ್ಕರಿಗೆ 2021ರಿಂದ ಅದು ಕಡ್ಡಾಯ. ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದೆಂದು ತಿಳಿಯುತ್ತದೆ. ಬಿಲ್ಲು, ವಾರಂಟಿ ಚೀಟಿ ಜೋಪಾನವಾಗಿಡಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಭಕ್ತಿ ತೋರಲು ಆಯುಧಪೂಜೆ ಇದ್ದೇ ಇದೆ. ಅಂದು ಸಾದಾ ಮಿಕ್ಸಿಗೇ ಪ್ಲಗ್ ತೆಗೆದು ಅರಿಸಿನ-ಕುಂಕುಮವಿಟ್ಟು ಹೂ ಮುಡಿಸಿ. ದೇವರು ದೇವರಗೂಡಿನಲ್ಲಿರಲಿ, ಅಡುಗೆಮನೆಗೆ ಗಟ್ಟಿಯಾದ, ಸುರಕ್ಷಿತವಾದ ಸಾಮಾನನ್ನೇ ತನ್ನಿ.