ವಿಶ್ವವಿದ್ಯಾಲಯದ ಕುರುಬನು



ಹಳ್ಳಿಯ ಸಭೆಯಲ್ಲಿ ಸಭಾಪಾಲಕರ ಕೆಲಸವೇನೆಂಬದನ್ನು ನಾವೆಲ್ಲರೂ ಬಲ್ಲೆವು. ದೀಕ್ಷಾಸ್ನಾನ, ವಿವಾಹ, ರೋಗಿಗಳ ಭೇಟಿ, ಸಮಾಧಿಕ್ರಿಯೆ, ಇವೆಲ್ಲವೂ ನಮ್ಮ ಕಣ್ಣೆದುರಿಗೆ ನಡೆಯುತ್ತವೆ. ಆದರೆ ಪೆಟ್ಟಿಗೆಯನ್ನು ಹೊತ್ತುಕೊಂಡು ಪಟ್ಟಣದ ಕಾಲೇಜಿಗೆ ಹೊರಟುಹೋಗುವ ನಮ್ಮ ಮಕ್ಕಳನ್ನು ಅಲ್ಲಿ ಪರಾಮರಿಸುವವರಾರು? ಈ ಪಾಠದಲ್ಲಿ ಅದನ್ನೇ ಆಲೋಚಿಸೋಣ.

ಪಾಶ್ಚಾತ್ಯ ದೇಶಗಳ ಅನೇಕ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕಾಗಿಯೇ ಒಬ್ಬ ಪಾದ್ರಿಯನ್ನು ನೇಮಿಸುವದುಂಟು. ಅವರಿಗೆ ಚಾಪ್ಲೆನ್ ಎಂದು ಹೆಸರು. ಅವರ ಮಂದೆಯು ವಿಚಿತ್ರವಾದದ್ದು. ಮೂರು ನಾಲ್ಕು ವರುಷ ಇದ್ದು ಹೊರಟುಹೋಗುವ ಯೌವನಸ್ಥರೇ ಅದರಲ್ಲಿ ಹೆಚ್ಚು. ಅವರಲ್ಲಿ ಬೇರೆ ಬೇರೆ ಸಭೆಗಳವರೂ, ಅನ್ಯ ಮತದವರೂ, ಯಾವದನ್ನೂ ನಂಬದವರೂ ಇರುತ್ತಾರೆ. ಭಾನುವಾರದ ಆರಾಧನೆಯನ್ನು ನಡಿಸುವದು ಆ ಕೆಲಸದ ಒಂದು ಪಾಲು ಮಾತ್ರ. ಮನೆಯಿಂದ ದುಃಖದ ಸುದ್ದಿ ಬಂದವನಿಗೂ, ಪರೀಕ್ಷೆಯಲ್ಲಿ ಸೋತವನಿಗೂ, ನಂಬಿಕೆ ಕುಂದಿದವನಿಗೂ ಬಾಗಿಲು ತೆರೆದಿಡುವದೇ ಉಳಿದ ಪಾಲು.

ಇಂಥ ಕೆಲಸವನ್ನು ಮಾಡಿದವರಲ್ಲಿ ಅಮೆರಿಕದ ಹೋವರ್ಡ್ ಥರ್ಮನ್ ಒಬ್ಬರು. ಇವರು 1899ರಲ್ಲಿ ಹುಟ್ಟಿ, ಫ್ಲಾರಿಡಾ ಪ್ರಾಂತದಲ್ಲಿ ಬೆಳೆದ ಕಪ್ಪು ಜನಾಂಗದವರು. ಇವರ ಅಜ್ಜಿ ಹಿಂದೆ ಗುಲಾಮಳಾಗಿದ್ದವಳು. ಆಕೆಗೆ ಓದು ಬಾರದ ಕಾರಣ ಮೊಮ್ಮಗನೇ ಸತ್ಯವೇದವನ್ನು ಓದಿ ಹೇಳುತ್ತಿದ್ದನು. ಆದರೆ ಪೌಲನ ಪತ್ರಿಕೆಗಳ ಹೆಚ್ಚಿನ ಭಾಗವನ್ನು ಆಕೆ ಓದಗೊಡಿಸುತ್ತಿರಲಿಲ್ಲ. ಕಾರಣವೇನೆಂದು ಅವನು ದೊಡ್ಡವನಾದ ಮೇಲೆ ಕೇಳಿದಾಗ, ಒಡೆಯನ ಬೋಧಕನು ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕೆಂದು ಆ ಪತ್ರಿಕೆಗಳಿಂದಲೇ ಮತ್ತೆ ಮತ್ತೆ ಬೋಧಿಸಿದ್ದನ್ನು ಆಕೆ ತಿಳಿಸಿದಳು. ಒಬ್ಬರ ಹಟದ ಹಿಂದೆ ಒಂದು ಗಾಯವಿರಬಹುದೆಂದು ನಾವು ಇದರಿಂದ ಕಲಿಯತಕ್ಕದ್ದು.

ಥರ್ಮನರು 1932ರಿಂದ 1944ರ ವರೆಗೆ ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯದ ಪ್ರಾರ್ಥನಾಲಯಕ್ಕೆ ಮುಖ್ಯಸ್ಥರಾಗಿದ್ದರು. ಆ ಕಾಲದಲ್ಲಿಯೇ, ಅಂದರೆ 1935ರಲ್ಲಿ, ವಿದ್ಯಾರ್ಥಿ ಕ್ರೈಸ್ತ ಸಂಘದವರ ಕರೆಯ ಮೇರೆಗೆ ತಮ್ಮ ಪತ್ನಿಯೊಡನೆಯೂ ಇನ್ನಿಬ್ಬರೊಡನೆಯೂ ಸಿಂಹಳಕ್ಕೂ ನಮ್ಮ ದೇಶಕ್ಕೂ ಬಂದು ಕಾಲೇಜುಗಳಲ್ಲಿ ಮಾತಾಡಿದರು. 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಗಾಂಧಿಯವರನ್ನೂ ಕಂಡರು.

ಕೊಲಂಬೊ ಪಟ್ಟಣದ ಕಾನೂನು ಕಾಲೇಜಿನಲ್ಲಿ ಒಬ್ಬ ಹಿಂದೂ ಗೃಹಸ್ಥರು ಅವರನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಕಪ್ಪು ಜನರನ್ನು ಹಡಗುಗಳಲ್ಲಿ ತುಂಬಿ ಒಯ್ದು ಮಾರಿದವರು ಕ್ರೈಸ್ತರೇ ಅಲ್ಲವೇ? ಹಾಗಿರಲು ನೀವು ಕ್ರೈಸ್ತರಾಗಿ ಇಲ್ಲಿಗೆ ಬಂದಿರುವದು ಹೇಗೆ? ಥರ್ಮನರು ಸಿಟ್ಟಾಗಲಿಲ್ಲ, ನಡೆದ ಅನ್ಯಾಯವನ್ನು ಮುಚ್ಚಿಡಲೂ ಇಲ್ಲ. ಬಹಳ ಹೊತ್ತು ಅವರ ಸಂಗಡ ಕೂತು ಸಂಭಾಷಿಸಿದರು. ಯೇಸುವು ತಾನೇ ಬಡವನಾಗಿ, ರೋಮನರ ಕೈಕೆಳಗಿದ್ದ ಜನಾಂಗದಲ್ಲಿ ಹುಟ್ಟಿದವನೆಂಬ ವಿಚಾರವು ಅವರ ಮನಸ್ಸಿನಲ್ಲಿ ಬೇರೂರಿತು. 1949ರಲ್ಲಿ ಅವರು ಪ್ರಕಟಿಸಿದ, ಯೇಸುವನ್ನೂ ಹಕ್ಕು ಕಳಕೊಂಡವರನ್ನೂ ಕುರಿತ ಪುಸ್ತಕದಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದರು.

1953ರಲ್ಲಿ ಅವರು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಪ್ರಾರ್ಥನಾಲಯಕ್ಕೆ ಮುಖ್ಯಸ್ಥರಾದರು. ಬಿಳಿಯರೇ ಹೆಚ್ಚಾಗಿದ್ದ ವಿಶ್ವವಿದ್ಯಾಲಯದಲ್ಲಿ ಇಂಥ ಸ್ಥಾನ ಪಡೆದ ಕಪ್ಪು ಜನರಲ್ಲಿ ಇವರೇ ಮೊದಲಿಗರು. ಅವರ ಆರಾಧನೆಯಲ್ಲಿ ಮೌನಕ್ಕೆ ದೊಡ್ಡ ಸ್ಥಳವಿತ್ತು. ಆಗ ಅಲ್ಲಿ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಎಂಬ ಯೌವನಸ್ಥನಿಗೆ ಇವರ ಪರಿಚಯವಾಯಿತು. ಕಿಂಗರು 1955ರಲ್ಲಿ ಡಾಕ್ಟರ್ ಪದವಿ ಪಡೆದರು. ತಮ್ಮ ಜನರ ಹಕ್ಕುಗಳಿಗಾಗಿ ಹೋರಾಡಿ ಲೋಕಪ್ರಸಿದ್ಧರಾದರು. 1958ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಸ್ತ್ರೀ ಅವರನ್ನು ಇರಿದಾಗ ಥರ್ಮನರು ಆಸ್ಪತ್ರೆಗೆ ಹೋದರು. ವೈದ್ಯರು ಹೇಳಿದ ವಿಶ್ರಾಂತಿಗೆ ಇನ್ನೆರಡು ವಾರ ಕೂಡಿಸಿಕೊಂಡು, ನಡೆಯುವ ದಾರಿಯನ್ನು ಶಾಂತವಾಗಿ ಆಲೋಚಿಸಬೇಕೆಂದು ಬುದ್ಧಿ ಹೇಳಿದರು. ವಿದ್ಯಾರ್ಥಿಯು ವಿಶ್ವವಿದ್ಯಾಲಯವನ್ನು ಬಿಟ್ಟರೂ ಕುರುಬನು ಅವನನ್ನು ಬಿಡಲಿಲ್ಲ.

ನಮ್ಮ ಮಕ್ಕಳೂ ರಜೆಗೆ ಬಂದಾಗ ಪ್ರಶ್ನೆಗಳನ್ನು ತರುವರು. ಕಾಲೇಜಿಗೆ ಹೋಗಿ ಕೆಟ್ಟನೆಂದು ಗದರಿಸಿದರೆ ಅವರು ಬಾಯಿ ಮುಚ್ಚಿಕೊಳ್ಳುವರು. ಆಮೇಲೆ ಸಭೆಗೂ ಬಾರದಿರುವರು. ರಾತ್ರಿಯಲ್ಲಿ ಬಂದ ನಿಕೊದೇಮನನ್ನು ಕರ್ತನು ಹೊರಗೆ ನಿಲ್ಲಿಸಲಿಲ್ಲ. ನಾವು ಪಂಡಿತರಲ್ಲದಿದ್ದರೂ ಕೂತು ಕೇಳಬಲ್ಲೆವು.

ಆಲೋಚಿಸತಕ್ಕ ಪ್ರಶ್ನೆಗಳು:

1. ನಮ್ಮ ಸಭೆಯಿಂದ ಕಾಲೇಜಿಗೆ ಹೋದವರು ಯಾರು ಯಾರು? ಅವರನ್ನು ಹೆಸರು ಹೇಳಿ ಪ್ರಾರ್ಥಿಸುತ್ತೇವೋ?

2. ಉತ್ತರ ತಿಳಿಯದ ಪ್ರಶ್ನೆಯನ್ನು ಮಗನು ಕೇಳಿದರೆ ತಂದೆತಾಯಿಗಳು ಏನು ಮಾಡಬೇಕು?